ಕಿವಿ ಈರಯ್ಯ ಪಿಕಪ್ ಆರಿಸಿದ್ದು

...ಇಲ್ಲ, ಆ ಹಸರು ಗಾಡಿ ಬ್ಯಾಡ. ಅದರ ಬಣ್ಣ ನೋಡಿ ಮರುಳಾಗಬ್ಯಾಡ ಭರಮಣ್ಣ. ಬಾ ಇಲ್ಲೆ, ಬಾನೆಟ್ ಎತ್ತತೀನಿ, ಒಳಗ ನೋಡು. ಎಂಜಿನ್ ಹೆಂಗ ಹೊಳ್ಯಾಕತ್ತೈತಿ, ಕಂಡಿ? ಇಷ್ಟ ಓಡಿದ ಎಂಜಿನ್ ಮದುವಿ ಮನಿ ಹಂಡೇದಂಗ ಯಾಕ ಹೊಳೀಬೇಕು? ಮಾರಾಕ ತರೂ ಮುಂದ ತಿಕ್ಕಿ ತೊಳದಾರ. ಎಣ್ಣಿ ಎಲ್ಲಿ ಸೋರತೈತಿ ಅಂತ ನಮಗ ಗೊತ್ತಾಗಬಾರದಲ್ಲ, ಅದಕ್ಕ. ಈಗ ಈ ನೀಲಿ ಪಿಕಪ್ ನೋಡು. ಧೂಳ ಕುಂತೈತಿ, ಜಿಡ್ಡ ಹತ್ತೈತಿ, ಖರೇ. ಆದ್ರ ಇದ್ದದ್ದನ್ನ ಇದ್ದಂಗ ತೋರಸಾಕತ್ತೈತಿ. ನಂಗ ಇಂಥಾ ಗಾಡಿ ಮ್ಯಾಲನ ಮನಸ ಹೋಗತೈತಿ.

ಏ, ಹಿಂದ ಹೋಗಿ ನಿಂದರಬ್ಯಾಡೋ. ಇಲ್ಲೆ ಬಾ, ನನ್ನ ಎದುರಿಗೆ. ಹಾಂ, ಅಲ್ಲೇ. ಬಿಸಲು ನಿನ್ನ ಮಾರಿ ಮ್ಯಾಲ ಬೀಳೂ ಹಂಗ ನಿಂದ್ರು. ಯಾಕಂದ್ರ... ಸುಮ್ನ. ಬೆನ್ನ ಹಿಂದ ಮಂದಿ ನಿಂತ್ರ ನಂಗ ಕೆಲಸ ಮಾಡಾಕ ಆಗೂದಿಲ್ಲ. ಮತ್ತ ಒಂದ ಮಾತು ಮೊದಲ ಹೇಳಿಬಿಡತೀನಿ. ನಾ ಗಾಡಿ ನೋಡೂ ಹೊತ್ತಿನ್ಯಾಗ ತಗೊಳ್ಳಾಂವ ಬಾಯಿ ತಗೀಬಾರದು. ಅದು ನನ್ನ ರಿವಾಜು. ಕಿವಿ ಈರಯ್ಯ ಎಂಜಿನ್ ಮಾತು ಕೇಳಾಕತ್ತಾನಂದ್ರ ಮನಷಾರು ಸುಮ್ನಿರಬೇಕು. ಏನರ ಕೇಳೂದಿದ್ರ ಕೈಲೆ ತೋರಸು. ತಲಿ ಆಡಸು. ಸಾಕು.

ಯಾಕ ನಗಾಕತ್ತಿ? ಹೋದ ಸಲಾ ನಾವ ಇಬ್ಬರೂ ಹರಟಿ ಹೊಡಕೋಂತನ ಟ್ರ್ಯಾಕ್ಟರ್ ನೋಡಿದ್ವಿ ಅಂತೇನ? ಹೌದಪಾ, ಆಗ ಮಾತಾಡತಿದ್ದೆ. ಈಗ ವಯಸ್ಸಾತು, ಮನಸ ಒಂದ ಕಡೆ ನಿಂದರೂದಿಲ್ಲ. ಅದಕ್ಕ ಹೋದ ಮಳಿಗಾಲದಿಂದ ಈ ರಿವಾಜು ಸ್ವಲ್ಪ ಗಟ್ಟಿ ಮಾಡೀನಿ. ಅಷ್ಟ.

ಕಿವಿ ಅಂತ ಹೆಸರ ಯಾಕ ಬಂತು, ನಿಂಗೊತ್ತಲ್ಲ? ಬೆಳಗಾವಿ ಮಿಲಿಟರಿ ಕ್ಯಾಂಪಿನ ಚಾದಂಗಡ್ಯಾಗ ರಸ್ತೇಕ್ಕ ಬೆನ್ನ ಮಾಡಿ ಕುಂದರತಿದ್ದೆ. ಮಿಲಿಟರಿ ಲಾರಿ ಒಂದರ ಹಿಂದ ಒಂದು ಹೊಂಟ್ರ, ತಿರುಗಿ ನೋಡದನ ಹೇಳತಿದ್ದೆ, ಇದರ ಫಿಲ್ಟರ್ ಕಟ್ಟೈತಿ, ಅದರ ಬೇರಿಂಗ್ ಹೋಗೈತಿ ಅಂತ. ಚಾ ಕುಡಿಯಾಂವರು ಎದ್ದ ಹೋಗಿ ಕೇಳಿ ಬರತಿದ್ರು, ಖರೇ ಅಂತಿದ್ರು. ಆಗ ನಂಗ ಸೊಕ್ಕ ಬರತಿತ್ತು. ಯಾಕ ಬರಬಾರದು? ಸಾಲಿ ಕಲೀಲಿಲ್ಲ, ಹೊಲಾ ಇಲ್ಲ. ದೇವರು ಕೊಟ್ಟಿದ್ದು ಅದೊಂದನ.

ನೀ ಹಂಗ ನೋಡಬ್ಯಾಡ. ಮಾಲಕ ಗುರುಪುತ್ರಪ್ಪ ತನ್ನ ಗ್ಯಾರೇಜಿಂದ ನನ್ನ ತಗದಾ ಅಂತ ಯಾರರ ನಿನ್ನ ಕಿವಿ ಊದಿರಬೇಕು. ತಗದಿಲ್ಲ. ನಾನ ಬಿಟ್ಟ ಬಂದೆ. ಅಂವಗ ಈಗ ಜಪಾನ್ ಎಂಜಿನ್ನಿನ ಹೊಸಾ ಗಾಡಿ ಹುಚ್ಚ ಹಿಡದೈತಿ. ಚಾಲೂ ಆದ್ರೂ ಗೊತ್ತಾಗೂದಿಲ್ಲ, ಬಂದ್ ಆದ್ರೂ ಗೊತ್ತಾಗೂದಿಲ್ಲ. ಸಪ್ಪಳ ಇಲ್ಲದ ಗಾಡ್ಯಾಗ ನಂದೇನ ಕೆಲಸ ಹೇಳು? ಅಂವನು ಅಂದಾ, ಈರಯ್ಯಾ, ಮನ್ಯಾಗ ಆರಾಮ ಇರು ಅಂತ. ನಾನೂ ಹೂಂ ಅಂದೆ, ಬಂದೆ. ಸಿಟ್ಟಿಲ್ಲ.

ಆರಾಮ ಅಂತ. ಮನ್ಯಾಗ ಏನ ಆರಾಮೋ. ನನ್ನ ಹೇಣ್ತಿ ಬಾಳವ್ವ ಒಲಿ ಮುಂದ ಕುಂತು ಏನೇನೋ ಹೇಳತಾಳ, ನಾ ಹೂಂ ಅಂತೀನಿ, ಆಕಿ ತಾಟ ಕುಕ್ಕಿ ಎದ್ದ ಹೋಗತಾಳ. ಮೊನ್ನೆ ಹಂಗ ಆತು. ಆಕಿ ಏನ ಕೇಳಿದ್ಲೋ, ನಾ ಯಾವದಕ್ಕ ಹೂಂ ಅಂದೆನೋ. ಆಮ್ಯಾಲ ನೋಡಿದ್ರ ಕಣ್ಣೀರ ತಗ್ಯಾಕತ್ತಾಳ. ಗಂಡ ಕೆಲಸ ಬಿಟ್ಟ ಮನ್ಯಾಗ ಕುಂತ್ರ ಹೆಣ್ಣಮಕ್ಕಳಿಗೆ ಹಂಗ... ಸಿಟ್ಟ ಬರತೈತಿ.

ಇರಲಿ. ಗಾಡಿಗೆ ಬರೂಣು.

ನಿಮ್ಮ ಕಡೆ ಪದ್ಧತಿ ನಂಗೊತ್ತೈತಿ. ಗಾಡಿ ಯಾವ ಮಿಸ್ತ್ರಿ ಆರಸತಾನೋ ಅಂವನ ಮುಂದೂ ಅದರ ರಿಪೇರಿ ನೋಡಕೋಬೇಕು. ಕೈ ಬದಲ ಮಾಡೂದಿಲ್ಲ ನೀವು. ಇವತ್ತ ನಾ ಆರಿಸಿದ ಗಾಡಿ ನಿಮ್ಮ ಹಾಲಿನ ಸಂಘದವರು ತಗೊಂಡ್ರ ಕಣಕುಂಬಿ ಹಾಲಿನ ಗಾಡಿಗೆ ನಾನ ಮಿಸ್ತ್ರಿ. ಆ ಕೆಲಸ ನಂಗ ಬೇಕು ಭರಮಣ್ಣ. ನೆಟ್ಟಗ ಹೇಳತೀನಿ, ಬೇಕ ಬೇಕು. ನಿನ್ನ ಮುಂದ ನಂಗ್ಯಾತರ ಮರ್ಯಾದಿ? ಮುಂಜಾನೆದ್ದು ಹೋಗಾಕ ಒಂದ ಜಾಗಾ ಬೇಕು. ಈರಯ್ಯಾ ಬಾ, ಇದನ್ನ ನೋಡು, ಅನ್ನೂ ಮಂದಿ ಬೇಕು. ಮನ್ಯಾಗ ಕುಂತ್ರ ನಾ ಸತ್ತ ಹೋಗತೀನಿ.

ಗಡಿಯಾರ ನೋಡಬ್ಯಾಡೋ. ಗಾಡಿ ಮಾಲಕ ಚಾ ಕುಡದು ಬರೂದ್ರಾಗ ಮುಗಸತೀನಿ.

ನೋಡು, ಮೊದಲನೇದು ಇದು. ರೇಡಿಯೇಟರ್ ಮ್ಯಾಲ ಕೈ ಇಡು. ತಣ್ಣಗೈತಿ, ಹೌದಿಲ್ಲೋ? ಬಿಸಿ ಇದ್ರ ನಾ ನಿನ್ನ ವಾಪಸ್ ಕರಕೊಂಡ ಹೋಗತಿದ್ದೆ. ನಾವ ಬರೂ ಮುಂಚೆ ಎಂಜಿನ್ ಕಾಯಿಸಿ ಇಟ್ಟಾರಂದ್ರ ಚಳ್ಯಾಗ ಅದು ಚಾಲೂ ಆಗೂದಿಲ್ಲಂತನ ಅರ್ಥ. ಈಗ ಎಣ್ಣಿ ಕಡ್ಡಿ ಜಗ್ಗತೀನಿ. ಕರ್ರಗೈತಿ. ಕರ್ರಗಿದ್ರ ಅಂಜಬ್ಯಾಡ, ಡೀಸೆಲ್ ಗಾಡಿ ಎಣ್ಣಿ ಕರ್ರಗನ ಇರತೈತಿ. ಹಾಲ ಹಾಕಿದ ಚಾದಂಗ ಇದ್ರ ಅಂಜಬೇಕು, ನೀರ ಕೂಡೈತಿ ಅಂತ. ಮುಂದ ಚಾಲೂ ಆದ ಮ್ಯಾಲ ರೇಡಿಯೇಟರ್ ನೀರಾಗ ಗುಳ್ಳಿ ಬರತಾವೇನ ನೋಡೂದು. ಗುಳ್ಳಿ ಬಂದ್ರ ಆ ಗಾಡಿ ಕಣಕುಂಬಿ ಹಾದ್ಯಾಗ ಜಾಂಬೋಟಿ ದಾಟೂದ್ರಾಗ ಕುದ್ದ ನಿಂದರತೈತಿ. ಹಾಲು ಅಲ್ಲೇ ಒಡೀತೈತಿ. ನಿಮ್ಮೂರ ಸತ್ಯವ್ವನಂಥಾ ಹೆಣ್ಣಮಕ್ಕಳು ಒಂದೊಂದ ತಂಬಗಿ ಹಾಲ ತಂದ ಹಾಕತಾರ ನಿಮ್ಮ ಸಂಘಕ್ಕ. ಅವರ ಹಾಲು ಅಡವ್ಯಾಗ ಚೆಲ್ಲಬಾರದು. ಅಷ್ಟ ನಂಗೂ ತಿಳೀತೈತಿ.

ಹೋಗು, ಒಳಗ ಕುಂತು ಚಾಲೂ ಮಾಡು. ಗೇರ್ ತಗದೈತೇನ ನೋಡಕೋ. ಹಾಂ... ಮಾಡು... ಇನ್ನೊಮ್ಮೆ...

ಬಂತು. ಹೊಗಿ ಬಂತು ನೋಡು, ಬೆಳ್ಳಗ. ನಿಂದ್ರು, ಈಗ ಹಗೂರಕ ತಿಳಿ ಆಗತೈತಿ. ಚಳೀ ಹೊಗಿ ಅದು, ಎಂಜಿನ್ ಬಿಸಿ ಆದಂಗ ಹೋಗತೈತಿ. ಹೋತಿಲ್ಲೋ? ಕರೀ ಹೊಗಿ ಬಂದಿದ್ರ ಡೀಸೆಲ್ ಚಿಮ್ಮಸೂ ನಾಜಲ್ ಕೆಟ್ಟಿತ್ತು ಅಂತ. ನೀಲಿ ಬಂದಿದ್ರ ಪಿಸ್ಟನ್ ರಿಂಗ್ ಸವದಾವ ಅಂತ. ನೀರಾಗ ಗುಳ್ಳೀನೂ ಇಲ್ಲ. ಇಳದ ಬಾ ಈಗ, ಬಾಗಲಾ ತಗದ ಬಿಡು, ಇಲ್ಲೇ ಬಾಜೂಕ ನಿಂದ್ರು.

ಕೇಳಿದಿ? ಎಂಥಾ ಒಂದ ಸಮ ಬಡಿತ. ಇಂಥಾ ಸಪ್ಪಳಕ್ಕ ನಾ ಜೀವಾ ಕೊಡತೀನಿ. ಹುಬ್ಬ ಯಾಕ ಗಂಟ ಹಾಕಿದಿ? ಏನರ ಕಟಕಟ ಅಂತೈತಂತೇನ? ಅದು ಟ್ಯಾಪೆಟ್. ಹಳೇ ಡೀಸೆಲ್ ಅಂದ ಮ್ಯಾಲ ಅಷ್ಟ ಇರತೈತಿ, ಬಿಗಿ ಮಾಡಿದ್ರ ಹೋಗತೈತಿ. ಕಟಕಟ ಅಲ್ಲಾ? ಮತ್ತೇನ, ಸಿಳ್ಳಿ ಹೊಡದಂಗ? ಅದು ಬೆಲ್ಟ್. ಹೊಸಾದು ಹಾಕೂಣು. ಅದೂ ಅಲ್ಲಾ? ಸುಮ್ಮ ಸುಮ್ಮನ ತಲಿ ಆಡಸಬ್ಯಾಡ, ನಂಗ ಗೊಂದಲ ಆಗತೈತಿ. ಏನೈತಿ ಅದು ನಂಗ ಕೇಳಸಾಕತ್ತೈತಿ. ನಿಂಗಿಂತ ಮೊದಲ ಕೇಳಸೈತಿ. ನೀ ಸುಮ್ನ ನಿಂದ್ರು.

ಈಗ ಖರೇ ಪರೀಕ್ಷೆ. ಇದನ್ನ ಮಾಡೂದು ನೋಡಿ ನಿನ್ನ ಸಂಘದವರಿಗೆ ಹೇಳು, ಈರಯ್ಯ ಹೆಂಗ ಗಾಡಿ ಆರಸತಾನ ಅಂತ. ಇಲ್ಲೆ ನಾಕ ಸಣ್ಣ ಪೈಪ್ ಅದಾವ, ಕಂಡಿ? ಪಂಪಿಂದ ಒಂದೊಂದ ಸಿಲಿಂಡರಿಗೆ ಡೀಸೆಲ್ ಒಯ್ತಾವ. ಚಾಲೂ ಇದ್ದಾಗನ ಈ ಪಾನಾ ಹಾಕಿ ಒಂದರ ನಟ್ ಸಡಲ ಮಾಡಿದ್ರ ಡೀಸೆಲ್ ಹೊರಗ ಚಿಮ್ಮತೈತಿ, ಆ ಸಿಲಿಂಡರ್ ಉಪಾಸ ಬೀಳತೈತಿ, ಎಂಜಿನ್ ಕುಂಟತೈತಿ. ಕುಂಟಿದ್ರ ಚಲೋ. ಅಂದ್ರ ಆ ಸಿಲಿಂಡರ್ ಇಷ್ಟೊತ್ತನ ದುಡ್ಯಾಕತ್ತಿತ್ತು. ಸಪ್ಪಳ ಬದಲಾಗಲಿಲ್ಲಂದ್ರ ಅದು ಮೊದಲ ಸತ್ತಿತ್ತು ಅಂತ ತಿಳೀಬೇಕು. ಕಣ್ಣ ಮುಚ್ಚಿ ಕೇಳಬೇಕಿದನ್ನ. ನಾ ಯಾವತ್ತೂ ಕಣ್ಣ ಮುಚ್ಚೇನ ಕೇಳೂದು.

ಒಂದನೇದು... ಸಡಲಾತು... ಹಾಂ, ಚಿಮ್ಮಿತು. ಬಟ್ಟಿ ಹಿಡದೀನಿ, ಕಣ್ಣಿಗೆ ಹಾರಬಾರದು. ಕುಂಟಿತು, ಕೇಳಿದಿ? ಚಲೋ ಕುಂಟಿತು. ಬಿಗಿ ಮಾಡೀನಿ.

ಎರಡನೇದು... ಬಂತು. ಕೈತುಂಬ ಬಂತು. ಇದೂ ಕುಂಟಿತು. ಭಾಳ ಕುಂಟಿತು, ಹೌದಿಲ್ಲೋ? ಅಂದ್ರ ಇದು ಭಾಳ ದುಡಿಯೂ ಸಿಲಿಂಡರ್. ಬಿಗಿ ಮಾಡತೀನಿ... ಆತು.

ಮೂರನೇದು... ಸಡಲ ಮಾಡೀನಿ... ಎಣ್ಣಿ ಬರವಲ್ದು. ಇನ್ನೊಂದ ಸುತ್ತ ತಿರವತೀನಿ. ಒಣಾ ಐತಿ. ಇರಲಿ ಇರಲಿ, ಗಾಬರಿ ಆಗಬ್ಯಾಡ. ಮೂರನೇದಕ್ಕ ಪಂಪಿಂದ ಎಣ್ಣಿ ಬರವಲ್ದು, ಅಷ್ಟ. ಅದು ಸಣ್ಣ ಕೆಲಸ, ನಾ ಮಾಡತೀನಿ, ನನ್ನ ಕೈಲೆ ಮಾಡಿ ಕೊಡತೀನಿ. ಅದರ ಬದಲಿ ಇದನ್ನ ಕೇಳು. ಮೂರನೇದು ಸತ್ರೂ ಎಂಜಿನ್ ಹೆಂಗ ನಡದೈತಿ ನೋಡು, ಉಳದ ಮೂರರ ಮ್ಯಾಲ. ಇಂಥಾ ಗಟ್ಟಿ ಎಂಜಿನ್ ನಿಂಗ ಬೆಳಗಾವ್ಯಾಗ ಹುಡುಕಿದ್ರೂ ಸಿಗೂದಿಲ್ಲ. ಇದನ್ನ ತಗೋ. ನನ್ನ ಮಾತ ನಂಬು, ಇದನ್ನ ತಗೋ.

ನಾಕನೇದು...

ಇದೂ ಒಣಾ.

ಇದ್ಯಾಕೋ ಇದೂ ಒಣಾ? ಎರಡೂ ಹೋದ್ರ ಎಂಜಿನ್ ಹಿಂಗ ಒಂದ ಸಮ ನಡೀಬಾರದಲ್ಲ. ನಡದೈತಿ. ಕೈಯಾಗ ನಡುಕ ಬರಾಕತ್ತೈತಿ. ಪಾನಾ ನಡಗಾಕತ್ತೈತಿ... ತಡಿ, ಕಣ್ಣ ತಗದ ನೋಡತೀನಿ.

...ಫ್ಯಾನ್ ನಿಂತೈತಿ.

ಭರಮಣ್ಣ, ಫ್ಯಾನ್ ನಿಂತೈತಲ್ಲೋ. ಹೊಗೀನೂ ಇಲ್ಲ. ಯಾವಾಗಿಂದ ನಿಂತೈತಿ? ಎರಡನೇದು ಬಿಚ್ಚಿದಾಗಿಂದೇನ? ನಾ ಮೂರನೇದು ತಿರವಾಕತ್ತಾಗ ಇದು ಬಂದ್ ಇತ್ತೇನ? ಮತ್ತ ಈ ನಡುಕ... ಇದು ನಂದೇನ? ಎಂಜಿನ್ ಅಂತ ತಿಳದಿದ್ದೆ. ನನ್ನ ಕೈ ನಡಗಾಕತ್ತಿದ್ವೇನ?

ನೀ ಬಾಗಲದಾಗ ಕೈ ಹಾಕಿ ಬಂದ್ ಮಾಡೂ ಗುಂಡಿ ಜಗ್ಗಿದೇನ? ನನ್ನ ಪರೀಕ್ಷೆ ಮಾಡಾಕ? ಮಾಡಿದ್ರ ಮಾಡಿದಿ, ನಂಗ ಸಿಟ್ಟಿಲ್ಲ. ಖರೇ ಅಂದ್ರ ಸಿಟ್ಟಿಲ್ಲ. ಗುರುಪುತ್ರಪ್ಪನೂ ಹಂಗ ಮಾಡಿದ್ದಾ. ಆದ್ರ ತಾನಾಗೆ ನಿಂತಿದ್ರ ಬ್ಯಾರೆ ಮಾತೈತಿ, ತಿಳಕೋ. ಎರಡನೇ ಪೈಪ್ ಬಿಚ್ಚಿದ ಕೂಡಲೆ ನಿಂತಿದ್ರ ಮೂರು, ನಾಕು ಎರಡೂ ಮೊದಲ ಸತ್ತಾವ, ಈ ಗಾಡಿ ಘಾಟ್ ಹತ್ತೂದಿಲ್ಲ, ನೀ ಇದನ್ನ ತಗೋಬ್ಯಾಡ. ನಾ ತಗೋ ಅಂದಿದ್ದು ಬಿಟ್ಟಬಿಡು. ನೀನ ಗುಂಡಿ ಜಗ್ಗಿದ್ರ ಗಾಡಿ ಚಲೋನ ಐತಿ, ತಗೊಂಡ ಹೋಗು, ಮಿಸ್ತ್ರೀನ್ನ ಬೇಕಾದ್ರ ಬ್ಯಾರೆ ಹುಡುಕು. ಎರಡರಾಗ ಯಾವದು? ಅದನ್ನ ನಾ ನಿಂಗ ಹೇಳಬೇಕಾಗಿತ್ತು. ನಂಗೊತ್ತಿಲ್ಲ ಭರಮಣ್ಣ. ನಂಗ ಏನೂ ಗೊತ್ತಾಗಲಿಲ್ಲ.

ಮಾತಾಡಬ್ಯಾಡ ಅಂದಿದ್ದೆ, ಹೌದು. ಆ ರಿವಾಜು ಮುಗೀತು. ಈಗ ಮಾತಾಡು. ಬೈಯೂದಿದ್ರ ಬೈಯಿ. ಅಥವಾ ಇಷ್ಟೊತ್ತೂ ನೀ ಮಾತಾಡಾಕತ್ತೀಯೇನ? ನಾ ಕಣ್ಣ ಮುಚ್ಚಿದಾಗ ಕೂಗಿದೇನ, ಈರಯ್ಯಾ, ಗಾಡಿ ನಿಂತೈತಿ ಅಂತ?

ಹೇಳೋ. ಸಾವಕಾಶ ಹೇಳು. ನೆಲಾ ಯಾಕ ನೋಡಾಕತ್ತಿ? ತಲಿ ಎತ್ತು, ನನ್ನಪ್ಪಾ. ಹಂಗ ತಲಿ ತಗ್ಗಿಸಿ ನಿಂತ್ರ ನಿನ್ನ ತುಟಿ ನಂಗ ಕಾಣೂದಿಲ್ಲ.