ಸಾಯುವ ಪಾರ್ಟಿನ ಚಿಕ್ಕಬೀರಪ್ಪ

ಶಿಕಾರಿಪುರದ ಮಹನೀಯರೇ, ಸೊರಬದಿಂದ ಬಸ್ಸು ಹಿಡಿದು ಬಂದಿರುವ ನಾಟಕದ ಗೆಳೆಯರೇ, ಎದುರಿಗೆ ಕೂತಿರುವ ಚಿಕ್ಕಬೀರಪ್ಪನವರ ತಾಯಿ ಮಾಸ್ತಮ್ಮನವರೇ — ಎಲ್ಲರಿಗೂ ನಮಸ್ಕಾರ.

ನಾನು ಚಿಕ್ಕಬೀರಪ್ಪನವರಿದ್ದ ನಾಟಕ ಕಂಪನಿಯಲ್ಲಿ ಪರದೆಯ ಹಿಂದೆ ನಿಂತು ನಟರಿಗೆ ಮಾತು ಹೇಳಿಕೊಡುವವನು. ಅವರ ಈ ಶ್ರದ್ಧಾಂಜಲಿ ಸಭೆಯಲ್ಲಿ ಇಂದು ಒಂದು ತೀರ್ಮಾನವೂ ಆಗಬೇಕಿದೆ. ಚಿಕ್ಕಬೀರಪ್ಪನವರು ಮದರಾಸಿಗೆ ಹೋಗಿ ನಟಿಸಿದ ಒಂದೇ ಒಂದು ಸಿನಿಮಾ ಭಾನುವಾರ ನಮ್ಮೂರ ಟೆಂಟಿಗೆ ಬರುತ್ತದೆ. ಅದರಲ್ಲಿ ಅವರು ಗುಂಡು ತಗುಲಿ ಸಾಯುತ್ತಾರೆ. ಮಾಸ್ತಮ್ಮನವರು ನೋಡಲೇಬೇಕು ಎನ್ನುತ್ತಾರೆ. ಅವರ ಮೈದುನ ಜಟ್ಟಪ್ಪನವರೂ ನೆಂಟರೂ — ಕೂಡದು, ಮಗ ಸಾಯುವುದನ್ನು ಹೆತ್ತವಳು ನೋಡಬಾರದು ಎನ್ನುತ್ತಾರೆ.

ಮೊದಲು ಅವರ ಕೆಲಸದ ಮಾತು. ಪರದೆ ಎಳೆಯಲು ಕಂಪನಿ ಸೇರಿದವರು. ಆಮೇಲೆ ಕುಡುಕ, ಬಡ್ಡಿ ಸಾಹುಕಾರ, ಮುದಿ ಮಾವ, ಕೊಲೆಗಾರ. ರಾಜನ ಪಾರ್ಟು ಒಮ್ಮೆಯೂ ಇಲ್ಲ. ಹಾರ ರಾಜನಿಗೆ, ಹ್ಯಾಂಡ್‌ಬಿಲ್ಲಿನಲ್ಲಿ ಹೆಸರು ರಾಜನಿಗೆ, ಇವರು "ಮತ್ತಿತರರು". ಬೆವರು ಸುರಿಸುವವನ ಹೆಸರು ಅಚ್ಚು ಹಾಕದವರು ಸಮಾನತೆಯ ಮಾತು ಆಡಬಾರದು ಎಂದು ನಾನು ಮಾಲೀಕರೊಡನೆ ಜಗಳಕ್ಕೆ ನಿಂತೆ. ಇವರು ತೋಳು ಹಿಡಿದು ಎಳೆದರು. "ಬಿಡೋ ಮಾರಾಯ! ರಾಜ ಒಬ್ನೇ. ಮತ್ತಿತರರು ಅಂದ್ರೆ ಒಂದು ಊರೇ ಆತು!"

ಸಾಯುವುದರಲ್ಲಿ ಅವರಿಗೆ ಸಮಾನರು ಯಾರೂ ಇರಲಿಲ್ಲ. ಮೊದಲು ಮಂಡಿ — ಆಮೇಲೆ ಕೈ — ಕೊನೆಗೆ ರುಮಾಲು ಮಾತ್ರ ಉರುಳುತ್ತ ದೀಪದವರೆಗೆ ಹೋಗುವುದು. ಜನ "ಒನ್ಸ್ ಮೋರ್" ಕೂಗಿದರೆ ಎದ್ದು, ಮೈ ಕೊಡವಿಕೊಂಡು, ಮತ್ತೊಮ್ಮೆ ಸಾಯುತ್ತಿದ್ದರು.

ಸೊರಬದಲ್ಲಿ ಮಾತ್ರ ಸಾಯಲಿಲ್ಲ. ಮುಂದಿನ ಸಾಲಿನಲ್ಲಿ ತಾಯಿ ಕೂತಿದ್ದರು. ರಾಜ ಚುಚ್ಚಿದ — ಇವರು ನಿಂತೇ ಇದ್ದರು. ಮತ್ತೆ ಚುಚ್ಚಿದ.

"ಬೀಳೋ, ಚಿಕ್ಕಬೀರಾ!" ಎಂದು ನಾನು ಪರದೆಯ ಹಿಂದಿನಿಂದ ಪಿಸುಗುಟ್ಟಿದೆ.

"ಅವ್ವ ಕೂತಾಳೆ ಕಣೋ, ಹೆಂಗೆ ಬೀಳ್ಲಿ?"

ಕಡೆಗೆ "ಪ್ರಭೂ, ತಪ್ಪಾಯಿತು" ಎಂದು ಕೈಮುಗಿದು ಒಳಕ್ಕೆ ನಡೆದೇಬಿಟ್ಟರು. ಜನ ಬಿದ್ದು ಬಿದ್ದು ನಕ್ಕರು. ನಾಟಕ ಕೆಟ್ಟಿತು.

ಮೊನ್ನೆ ಟೆಂಟಿನ ಮಾಲೀಕರಾದ ಗಂಗಾಧರಪ್ಪನವರು ಒಂದು ದಾರಿ ಹೇಳಿದರು. "ಅವ್ವಾರೇ, ಗುಂಡು ಹೊಡೆಯೋ ಮುಂಚೆ ರೀಲ್ ನಿಲ್ಲಿಸ್ತೀನ್ರಿ."

ಮಾಸ್ತಮ್ಮನವರ ಉತ್ತರ ಇದು: "ಬ್ಯಾಡ್ರೀ. ಒಂದ್ಸಲ ನಾನು ಎದುರಿಗೆ ಕೂತು ಅವನ ಆಟ ಕೆಡಿಸೀನಿ. ಈ ಸಲ ಪೂರಾ ಮಾಡ್ಲಿ ಬಿಡ್ರಿ. ನೋಡ್ತೀನಿ."

ನೆಂಟರೇ, ಅಪಶಕುನ ಎನ್ನುತ್ತೀರಿ. ಆಗಬಾರದ್ದು ಆಗಿಹೋಗಿದೆ — ಜ್ವರ ಬಂತು, ನಲವತ್ತು ತುಂಬುವ ಮೊದಲೇ ಕರೆದೊಯ್ದಿತು. ಇನ್ನು ಯಾವ ಶಕುನಕ್ಕೆ ಹೆದರುವುದು? ಮಗ ಮಾಡಿದ ಕೆಲಸವನ್ನು ತಾಯಿ ನೋಡಬಾರದು ಎನ್ನುವ ಅಧಿಕಾರ ನಮಗೆ ಯಾರು ಕೊಟ್ಟರು?

ಈಗ ತಾವೆಲ್ಲ ಎದ್ದು, ಎರಡು ನಿಮಿಷ ಮೌನವಾಗಿ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಎದ್ದವರೆಲ್ಲ ಭಾನುವಾರ ಮಾಸ್ತಮ್ಮನವರ ಜೊತೆ ಟೆಂಟಿಗೆ ಬರುವವರು ಎಂದೇ ನಾನು ತಿಳಿಯುತ್ತೇನೆ.

— ಅವಸರವಿಲ್ಲ. ಜಟ್ಟಪ್ಪನವರು ಏಳುವವರೆಗೆ ಕಾಯೋಣ.