ನಾನು ಹೇಳೋವರೆಗೂ ಏಳಬೇಡಿ

ಭೀಮಪ್ಪನವರೇ, ಇವತ್ತು ಬೆಳಿಗ್ಗೆ ಶಿವಾಲದ ಗಲ್ಲಿಯಲ್ಲಿ ಒಂದು ಬಾವಿಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ್ರಲ್ಲ... ಬಾವಿ ಬಾಯಿಗೆ ಕಬ್ಬಿಣದ ಜಾಲರಿ, ಪಕ್ಕದಲ್ಲಿ ಅರಳಿ ಮರ... ಅದೇ ಬಾವಿ. ನಾನು ನೋಡಿದೆ. ಹಗಲು ಹೊತ್ತು, ಪರವಾಗಿಲ್ಲ ಅಂತ ಸುಮ್ಮನಾದೆ.

ಈಗ ಕರೆಂಟೂ ಇಲ್ಲ, ನಿಮಗೆ ನಿದ್ದೆಯೂ ಇಲ್ಲ. ಹೇಳ್ತೀನಿ ಕೇಳಿ. ನೀವು ಇಳಿದಿರೋ ಕಾಶಿಯ ಈ ಮಠದ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ರೊಟ್ಟಿ ಬಡೀತಿದ್ದೀನಿ. ಈ ಮಹೇಶ್ವರಿ ಸಾರಿಗೆ ಉಪ್ಪು ಹೆಚ್ಚು ಹಾಕಿರಬಹುದು, ಮಾತಿಗೆ ಹಾಕಿದವಳಲ್ಲ. ಇದು ಯಾರೋ ಎಲ್ಲೋ ಕಂಡದ್ದಲ್ಲ. ನನ್ನ ಚಿಕ್ಕಪ್ಪನ ಮಗಳು ದಾಕ್ಷಾಯಣಿಗೆ ಆದದ್ದು. ಹೋದ ವರ್ಷ, ವೈಶಾಖದಲ್ಲಿ.

ದಾಕ್ಷಾಯಣಿ ಮನೆ ಆ ಬಾವಿಯಿಂದ ಇಪ್ಪತ್ತು ಹೆಜ್ಜೆ. ಅವಳದು ಫೋನಿನ ಕೆಲಸ. ಕ್ಯಾನ್ಸರ್ ಮೈಯೆಲ್ಲ ಹಬ್ಬಿದ ಮೇಲೆ ಆಸ್ಪತ್ರೆಯವರು 'ಇನ್ನು ಮನೆಯಲ್ಲೇ ನೋಡಿಕೊಳ್ಳಿ' ಅಂದುಬಿಡ್ತಾರಲ್ಲ, ಅಂಥವರ ಜೊತೆ ವಿಡಿಯೋದಲ್ಲಿ ಮಾತಾಡಬೇಕು. ವಾರಕ್ಕೊಂದು ಸಲ, ಎಂಟು ವಾರ. ಔಷಧಿ ಇಲ್ಲ, ಉಪದೇಶ ಇಲ್ಲ. ಅವರ ಭಯ, ಸಂಕಟ ಕೇಳಬೇಕು, ಮನಸ್ಸಿಗೆ ಒಂದಿಷ್ಟು ಸಮಾಧಾನ ಆಗೋ ಹಾಗೆ ನೋಡಿಕೊಳ್ಳಬೇಕು. ಅದಕ್ಕೇ ಅಂತ ಓದಿದ್ದಾಳೆ. ಹುಟ್ಟಿದ್ದು ಕಾಶಿಯಲ್ಲಾದರೂ ಮನೆಮಾತು ಕನ್ನಡ, ಹಾಗಾಗಿ ನಮ್ಮ ಕಡೆಯ ರೋಗಿಗಳನ್ನ ಅವಳಿಗೇ ಕೊಡ್ತಾರೆ.

ಹಾಗೆ ಸಿಕ್ಕವರು ಕೊಟ್ಟೂರಿನ ಗಿರಿಜಾದೇವಿ. ಅರವತ್ತು ದಾಟಿದವರು. ಎದೆಯಲ್ಲಿ ಶುರುವಾದದ್ದು ಶ್ವಾಸಕೋಶಕ್ಕೆ ಇಳಿದಿತ್ತು. ನಾಲ್ಕು ತಿಂಗಳಿಂದ ನೆಲಕ್ಕೆ ಕಾಲಿಟ್ಟಿರಲಿಲ್ಲ. ಕಾಲು ಊದಿ ದಿಂಬಿನ ಹಾಗಾಗಿದ್ದವು, ಅಂಗಾಲು ಹಗಲೂ ರಾತ್ರಿ ಉರಿ. ಗಂಡ ಸೋಮಲಿಂಗಯ್ಯ ಮೇಷ್ಟ್ರು ಪಕ್ಕದಲ್ಲಿ ಕೂತು ಫೋನ್ ಹಿಡಿಯೋರು. ಆಕೆಯ ಮೂಗಿಗೆ ನಳಿಗೆ, ಮಂಚದ ಕೆಳಗೆ ಆಕ್ಸಿಜನ್ ಯಂತ್ರ. ಮಾತಿನ ಹಿಂದೆ ಅದರದ್ದೇ ಸದ್ದು. ಸುಂಯ್... ಟಕ್. ಸುಂಯ್... ಟಕ್.

ಮೊದಲೆರಡು ವಾರ ಆಕೆ ಬಾಯೇ ಬಿಡಲಿಲ್ಲ. ಮೂರನೇ ವಾರ ತಾವಾಗೇ ಕೇಳಿದರು.

"ತಂಗಿ, ನೀ ಕಾಶ್ಯಾಗ ಇದ್ದೀಯಂತ, ಖರೇನ?"

"ಖರೇ ಅಮ್ಮಾರ. ಗಂಗಿ ಹತ್ರಾನ ಅದಾಳ."

"ನಾ ನೋಡ್ಲೇ ಇಲ್ಲವ್ವ. ಆಕಿ ನೀರಾಗ ಒಮ್ಮೆ ಕಾಲಿಟ್ಟಿದ್ರ ಈ ಉರಿ ಹೋಗ್ತಿತ್ತೇನೋ..."

ದಾಕ್ಷಾಯಣಿಯ ಕೆಲಸದಲ್ಲಿ ಒಂದು ಪದ್ಧತಿ ಇದೆ. ರೋಗಿ ಕಣ್ಣು ಮುಚ್ಚಬೇಕು. ಇವಳು ಮಾತಿನಲ್ಲೇ ಅವರನ್ನ ಎಲ್ಲಿಗಾದರೂ ನಡೆಸಿಕೊಂಡು ಹೋಗಬೇಕು. ಒಂದೊಂದು ಹೆಜ್ಜೆ, ಒಂದೊಂದು ಉಸಿರು. ಅಷ್ಟು ಹೊತ್ತು ನೋವು ಸ್ವಲ್ಪ ಮರೆಯುತ್ತೆ. ಆದರೆ ಒಂದು ಕಟ್ಟಳೆ. ಕರೆದುಕೊಂಡು ಹೋದವರೇ ವಾಪಸ್ ತರಬೇಕು. 'ಈಗ ನಿಮ್ಮ ಕೋಣೆಗೆ ಬಂದ್ರಿ, ಕಣ್ಣು ತೆಗೀರಿ' ಅಂತ ಹೇಳದೆ ಫೋನ್ ಇಡೋ ಹಾಗಿಲ್ಲ. ಮಧ್ಯೆ ಲೈನ್ ಕಡಿದರೆ ಬೇರೆ ನಂಬರಿಗೆ, ನೆರೆಮನೆಯವರಿಗೆ, ಯಾರಿಗಾದರೂ ಮಾಡಿ ಆ ಮಾತು ಮುಟ್ಟಿಸಬೇಕು.

ಹೀಗೆ ಗಿರಿಜಾದೇವಿ ಹಾಸಿಗೆಯಲ್ಲೇ ಕಾಶಿಗೆ ಬಂದರು. "ನಾನು ಮುಂದ, ನೀವು ಹಿಂದ" ಅಂತ ದಾಕ್ಷಾಯಣಿ ಶುರು ಮಾಡೋಳು. ಆ ವಾರ ಗಲ್ಲಿಯ ಬಾಯಿ. ಆಮೇಲೆ ಹಾಲಿನಂಗಡಿ. ಆಮೇಲೆ ಬಾವಿ. ಅಲ್ಲಿ ದಣಿವಾರಿಸಿಕೊಳ್ಳೋಕೆ ಅಂತ ಪ್ರತಿ ಸಲ ಕೂಡಿಸೋಳು. "ಕಟ್ಟಿ ಮ್ಯಾಲ ಕೂಡ್ರಿ. ಉಸಿರು ತೊಗೊಳ್ರಿ. ನಾ ಹೇಳೋತನಕ ಏಳಬ್ಯಾಡ್ರಿ." ಅಲ್ಲಿಂದ ಕೇದಾರನ ಗುಡಿ, ಕೆಂಪು ಬಿಳಿ ಪಟ್ಟೆಯ ಮೆಟ್ಟಿಲು. ನೀರು ಮಾತ್ರ ಬೇಡ, ಅದು ಎಂಟನೇ ವಾರಕ್ಕೆ ಅಂತ ಇಬ್ಬರೂ ಮಾತಾಡಿಕೊಂಡಿದ್ದರು. ಮೇಷ್ಟ್ರು ಹೇಳ್ತಿದ್ದರಂತೆ, ಆಕಿ ವಾರಪೂರ್ತಿ ಮಂಗಳವಾರದ ದಾರಿ ಕಾಯ್ತಾಳ ಅಂತ.

ಎಂಟನೇ ಮಂಗಳವಾರ. ಸಂಜೆ ಏಳು. ಗಿರಿಜಾದೇವಿ ಮುಖ ತೊಳೆಸಿಕೊಂಡು, ವಿಭೂತಿ ಹಚ್ಚಿಸಿಕೊಂಡು ಕಾದಿದ್ದರು. ನಡಿಗೆ ಶುರುವಾಯ್ತು. ಗಲ್ಲಿ... ಹಾಲಿನಂಗಡಿ... ಬಾವಿ.

"ಕೂಡ್ರಿ ಅಮ್ಮಾರ. ನಾ ಹೇಳೋತನಕ ಏಳಬ್ಯಾಡ್ರಿ."

ಆಗಲೇ ಕರೆಂಟ್ ಹೋಯ್ತು. ವೈಫೈ ಹೋಯ್ತು. ಪರದೆ ಕಪ್ಪಾಯ್ತು.

ಎರಡು ಸಲ ಫೋನ್ ಹಚ್ಚಿದಳು. ಹೋಗಲಿಲ್ಲ. ನೆರೆಮನೆಯವರ ನಂಬರು ಒಂದು ಚೀಟಿಯಲ್ಲಿತ್ತು, ಚೀಟಿ ಕಪಾಟಿನಲ್ಲಿತ್ತು. ಅಸ್ಸಿ ಘಾಟಿನ ಹತ್ತಿರ ಗೆಳತಿಯ ಮದುವೆ, ಆಟೋದವನು ಗಲ್ಲಿ ತುದಿಯಲ್ಲಿ ಹಾರ್ನ್ ಹೊಡೀತಿದ್ದ. ಮೇಷ್ಟ್ರು ಪಕ್ಕದಲ್ಲೇ ಇದ್ದಾರಲ್ಲ, ಎಬ್ಬಿಸ್ತಾರೆ, ನಾಳೆ ನೀರು ತೋರಿಸಿದರಾಯ್ತು ಅಂದುಕೊಂಡು ಹೊರಟುಬಿಟ್ಟಳು. ಕಪಾಟು ತೆಗೆಯೋಕೆ ಎಷ್ಟು ಹೊತ್ತು ಬೇಕಿತ್ತು ಹೇಳಿ? ಅವಳ ಮೇಲೆ ನನಗೆ ಸಿಟ್ಟಿರೋದು ಇದೊಂದಕ್ಕೇ. ಅವಳಿಗೂ ಅಷ್ಟೇ.

ಮದುವೆ ಊಟ ಮುಗಿಸಿ ಹೊರಟಾಗ ರಾತ್ರಿ ಹನ್ನೊಂದೂ ಕಾಲು. ರಸ್ತೆಯಲ್ಲಿ ಇಳಿದು ಗಲ್ಲಿಗೆ ಹೊಕ್ಕಳು. ಕರೆಂಟ್ ಇನ್ನೂ ಬಂದಿರಲಿಲ್ಲ. ಫೋನಿನ ಬ್ಯಾಟರಿ ಸತ್ತಿತ್ತು. ಗಾಳಿ ಇಲ್ಲ. ಅರಳಿ ಮರದ ಒಂದೆಲೆ ಅಲ್ಲಾಡಲಿಲ್ಲ. ಅವಳ ಚಪ್ಪಲಿ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಚಟಕ್... ಚಟಕ್...

ಬಾವಿ ಹತ್ತಿರ ಬಂದಾಗ ಕೇಳಿಸ್ತು.

ಸುಂಯ್... ಟಕ್.

ನಿಂತಳು. ಯಾರದೋ ಮನೆಯ ಕೂಲರ್ ಇರಬೇಕು ಅಂದುಕೊಂಡಳು. ಕರೆಂಟೇ ಇಲ್ಲವಲ್ಲ...

ಸುಂಯ್... ಟಕ್.

"ತಂಗಿ..." ಪಿಸುದನಿ. "ಇನ್ನ ಏಳ್ಲೇನು?"

ಕಟ್ಟೆ ಮೇಲೆ ಯಾರೂ ಕಾಣಲಿಲ್ಲ. ಕತ್ತಲು, ಮರದ ನೆರಳು, ಅಷ್ಟೇ. ಆದರೆ ದನಿ ಬಂದದ್ದು ಕಟ್ಟೆಯಿಂದಲೇ, ಕೂತವರ ಬಾಯಿ ಎಷ್ಟು ಎತ್ತರದಲ್ಲಿರುತ್ತೋ ಅಲ್ಲಿಂದಲೇ. ದಾಕ್ಷಾಯಣಿ ಗೋಡೆ ಹಿಡಿದಳು. ಕಲಿತ ಪಾಠ ಮಾತ್ರ ಬಾಯಿಗೆ ಬಂತು. ವಾಪಸ್ ತರಬೇಕು.

"ಅಮ್ಮಾರ... ನಿಮ್ಮ ಕ್ವಾಣಿಗೆ ಬಂದ್ರಿ... ಹಾಸಿಗ್ಯಾಗ ಅದೀರಿ... ಕಣ್ಣು ತೆಗೀರಿ."

ಸುಂಯ್... ಟಕ್.

"ತೆಗದಿದ್ನೆವ್ವ."

"ಮತ್ತ?"

"ನನ್ನ ಜಾಗಾದಾಗ ಯಾರೋ ಕುಂತಾರ. ಗ್ವಾಡಿಗೆ ಆನಿಸ್ಯಾರ. ಕೊಳ್ಳಾಗ ಹಾರ ಹಾಕ್ಯಾರ. ಎಲ್ಲಾರೂ ಭಜನಿ ಮಾಡಾಕತ್ತಾರ... ನಮ್ಮನಿಯವ್ರು ನನ್ನ ಕಡೆ ನೋಡ್ಲೇ ಇಲ್ಲ." ಸುಂಯ್... ಟಕ್. "ಅದಕ ಮತ್ತ ಮುಚ್ಚಿಕೊಂಡೆ. ನೀ ಬರ್ತಿ ಅಂತ."

ನಮ್ಮ ಲಿಂಗವಂತರ ಪದ್ಧತಿ ನಿಮಗೆ ಗೊತ್ತಲ್ಲ. ನಮ್ಮಲ್ಲಿ ಹೋದವರನ್ನ ಮಲಗಿಸೋದಿಲ್ಲ. ಗೋಡೆಗೆ ಒರಗಿಸಿ ಕೂಡಿಸ್ತೀವಿ, ಹಾರ ಹಾಕ್ತೀವಿ, ರಾತ್ರಿಯೆಲ್ಲ ಭಜನೆ ಮಾಡ್ತೀವಿ. ದಾಕ್ಷಾಯಣಿಗೆ ಆ ಕ್ಷಣ ತಿಳೀತು, ಗೋಡೆಗೆ ಒರಗಿ ಕೂತದ್ದು ಯಾರು ಅಂತ.

ಇಪ್ಪತ್ತು ಹೆಜ್ಜೆಗೆ ಅವಳ ಮನೆ ಬಾಗಿಲು. ಬೀಗದ ಕೈ ಕೈಯಲ್ಲೇ ಇತ್ತು. ಓಡಿಹೋಗಿ ಚಿಲಕ ಹಾಕಿಕೊಂಡಿದ್ದರೆ ಯಾರು ಕೇಳ್ತಿದ್ದರು? ಆದರೆ ಆ ತಾಯಿ ಏಳು ಗಂಟೆಯಿಂದ ಕೂತಿದ್ದಾರೆ. ಏಳಬೇಡಿ ಅಂದವಳು ಇವಳು. ಇವಳು ಏಳಿ ಅನ್ನದಿದ್ದರೆ... ನಾಳೆಯೂ ಕೂತಿರ್ತಾರೆ. ಮುಂದಿನ ವರ್ಷವೂ ಕೂತಿರ್ತಾರೆ. ಊದಿದ ಕಾಲು ಇಳಿಬಿಟ್ಟುಕೊಂಡು, ಗುರುತಿಲ್ಲದ ಊರಿನ ಗಲ್ಲಿಯಲ್ಲಿ. ಅದನ್ನ ನೆನೆದು ದಾಕ್ಷಾಯಣಿಗೆ ಹೆದರಿಕೆಗಿಂತ ಹೆಚ್ಚು ಅಳು ಬಂತಂತೆ.

"ಏಳ್ರಿ ಅಮ್ಮಾರ," ಅಂದಳು. "ನಾನು ಮುಂದ, ನೀವು ಹಿಂದ."

ತಿರುಗಿ ನಡೆದಳು. ಹಿಂದೆ ಸದ್ದು. ಪಚ್... ಪಚ್... ಬರಿಗಾಲು, ಭಾರದ ಕಾಲು, ಕಲ್ಲು ಹಾಸಿನ ಮೇಲೆ. ಅದರ ಜೊತೆ ಸುಂಯ್... ಟಕ್. ಗಲ್ಲಿಗೆ ಅಡ್ಡ ಮಲಗಿದ್ದ ನಾಯಿಗಳು ಬೊಗಳಲಿಲ್ಲ. ಎದ್ದು ಗೋಡೆಗಂಟಿ ನಿಂತು ಇಬ್ಬರಿಗೆ ದಾರಿ ಬಿಟ್ಟವು.

"ಎಡಕ್ಕ ಹೊಳ್ಳೂಣು... ಇದು ಕೇದಾರನ ಗುಡಿ. ಬಾಗಲಾ ಹಾಕ್ಯದ. ಇಲ್ಲಿಂದಾನ ಕೈ ಮುಗೀರಿ."

ಹಿಂದಿನ ಹೆಜ್ಜೆ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ... ಪಚ್... ಪಚ್...

"ಈಗ ಮೆಟ್ಟಲಾ. ಇಳೀರಿ. ಅವಸರ ಬ್ಯಾಡ. ಇನ್ನೊಂದು... ಇನ್ನೊಂದು..."

"ಕಾಲು ಉರೀತಾವು ತಂಗಿ."

"ಬಂತ್ರಿ ಅಮ್ಮಾರ. ಬಂತು. ಇನ್ನೊಂದು."

ಕೊನೆಯ ಮೆಟ್ಟಿಲಿಗೆ ದಾಕ್ಷಾಯಣಿ ಪಕ್ಕಕ್ಕೆ ಸರಿದು ನಿಂತಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಪಕ್ಕದಲ್ಲಿ ಏನೋ ಹಾದುಹೋಯ್ತು. ಹಾಸಿಗೆ ಹಿಡಿದವರ ಕೋಣೆಯ ವಾಸನೆ, ವಿಭೂತಿ ವಾಸನೆ.

"ನೀರು, ಅಮ್ಮಾರ. ಕಾಲಿಡ್ರಿ."

ಬುಳಕ್... ಒಂದು ಸಲ. ಬುಳಕ್... ಇನ್ನೊಂದು ಸಲ.

ಸುಂಯ್... ಅಂತ ಶುರುವಾದದ್ದು ಟಕ್ ಅನ್ನಲಿಲ್ಲ. ಬರೀ ಒಂದು ಉದ್ದನೆಯ ಉಸಿರಾಯ್ತು.

"ತಣ್ಣಗದವ್ವ," ಅಂದರು.

ಆಮೇಲೆ ಏನೂ ಇಲ್ಲ.

ಬೆಳಗಿನ ಜಾವ ನಾಲ್ಕು ಗಂಟೆಗೆ ಸ್ನಾನಕ್ಕೆ ಹೋದ ನಾನೇ ಅವಳನ್ನ ಘಾಟಿನಲ್ಲಿ ನೋಡಿದ್ದು. ಕೂತೇ ಇದ್ದಳು. ಮದುವೆಯ ರೇಷ್ಮೆ ಸೀರೆ, ಮೈ ತಣ್ಣಗೆ. ಮಠಕ್ಕೆ ಕರೆತಂದು ಚಹಾ ಕುಡಿಸಿದೆ. ಅಷ್ಟೊತ್ತಿಗೆ ಕರೆಂಟ್ ಬಂದಿತ್ತು, ಅವಳ ಫೋನ್ ಚಾರ್ಜಿಗೆ ಹಾಕಿದ್ದೂ ನಾನೇ. ಹಚ್ಚಿದ ಕೂಡಲೇ ಬಡಕೊಳ್ತು. ಸೋಮಲಿಂಗಯ್ಯ ಮೇಷ್ಟ್ರು. ಸ್ಪೀಕರಿಗೆ ಹಾಕಿದಳು, ನಾನು ಕಿವಿಯಾರೆ ಕೇಳಿದೆ.

"ಆಕಿ ಹ್ವಾದ್ಳವ್ವ. ಏಳೂ ಇಪ್ಪತ್ತಕ್ಕ. ನಿಮ್ಮ ಮಾತು ಕಡೀತು, ಆಕಿ ಕಣ್ಣು ಮುಚ್ಚೇ ಇದ್ಲು. ನಿದ್ದಿ ಹತ್ತೇತಿ ಅಂತ ನಾ ಎಬ್ಬಸಲಿಲ್ಲ... ಒಂದ ಮಾತು. ಯಾರ ಮುಂದ ಹೇಳ್ಲಿ? ರಾತ್ರಿ ಹನ್ನೆರಡರ ಸುಮಾರಿಗೆ, ಭಜನಿ ನಡದಾಗ, ಆಕಿ ಕಾಲು ಒದ್ದಿ ಆದ್ವು. ಒರಸಿದ್ವಿ, ಮತ್ತ ಒದ್ದಿ. ಕೆಳಗಿನ ಕಂಬಳಿ ಎಲ್ಲಾ ತೊಯ್ದು ಹೋತು."

ಊದಿದ ಕಾಲು, ನೀರು ಸೋರಿರಬಹುದು ಅಂತ ಡಾಕ್ಟರು ಹೇಳಿದರಂತೆ. ಇರಬಹುದು. ನಾನು ಡಾಕ್ಟರಲ್ಲ.

ಆದರೆ ಶ್ರಾವಣದಲ್ಲಿ ಮೇಷ್ಟ್ರು ಕಾಶಿಗೆ ಬಂದರು. ಇದೇ ಮಠದಲ್ಲಿ ಇಳಿದರು. ಆ ಕಂಬಳಿಯನ್ನ ಗಂಗೆಗೆ ಬಿಡಬೇಕು ಅಂತ ಚೀಲದಲ್ಲಿ ತಂದಿದ್ದರು. ಮುಗ್ಗಲು ವಾಸನೆ ಬಂದಿದೆ, ಒಂದು ಗಳಿಗೆ ಬಿಸಿಲಿಗೆ ಹಾಕು ತಾಯಿ ಅಂದರು. ನಾನು ಮಾಳಿಗೆ ಮೇಲೆ ಒಯ್ದು ಕೊಡವಿದೆ.

ಮರಳು ಬಿತ್ತು. ಬೂದಿ ಬಣ್ಣದ ಸಣ್ಣ ಮರಳು, ಬಿಸಿಲಿಗೆ ಮಿಣಮಿಣ ಅನ್ನುತ್ತಲ್ಲ, ಘಾಟಿನ ಕೊನೆ ಮೆಟ್ಟಿಲಲ್ಲಿ ನಿಮ್ಮ ಕಾಲಿಗೂ ಇವತ್ತು ಹತ್ತಿದ್ದು, ಅದೇ. ಕೊಟ್ಟೂರಿನ ಮಣ್ಣು ಎಂಥದು ಅಂತ ಆ ಕಡೆಯವಳೇ ಆದ ಈ ಮಹೇಶ್ವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಇದು ಅಲ್ಲಿಯದಲ್ಲ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಕೊಡವಿದವಳು ನಾನೇ, ಕಸಬರಿಗೆ ಹಿಡಿದು ಗುಡಿಸಿದವಳೂ ನಾನೇ. ಅರ್ಧ ಮೊರ ಆಯ್ತು.