ಅಕ್ಕನ ಕಿವಿಗೆ ಬಿದ್ದ ಬೀಗ

...ಅಯ್ಯೋ, ಮತ್ತೆ ಯಾಕೆ ತೆಗೆದೆ ಕಿವಿಯಿಂದ ಆ ಹಿಯರಿಂಗ್ ಮಷೀನು? ಸರಿ, ಸರಿ, ಹಾಕ್ಕೋಬೇಡ. ನನ್ನ ತುಟಿ ನೋಡು, ನಿಧಾನಕ್ಕೆ ಹೇಳ್ತೀನಿ. ಕಂಪನಿಯವರು ಮೊನ್ನೆ ಕಳಿಸಿದ ಅಪ್‌ಡೇಟು ಅಕ್ಕಾ, ಅದರದ್ದೇ ಎಡವಟ್ಟು. ಚಮಚ ಬಿದ್ರೆ ತಲೆ ಸಿಡಿಯುತ್ತೆ, ನಿನ್ನ ಮಗಳು ಕರೆದ್ರೆ ಕೇಳಲ್ಲ... ಗೊತ್ತು, ಗೊತ್ತು! ಪಾತ್ರೆ ಸದ್ದು ಇಳಿಸಿ ಮಗುವಿನ ದನಿ ಎತ್ತೋ ಪ್ರೋಗ್ರಾಂ ಭಾಗ ಬರೆದವಳೇ ನೀನು. ಇದೇ ಅಡುಗೆಮನೆ ಮೇಜಿನ ಮೇಲೆ, ನಾನೀಕಡೆ, ನೀನಾಕಡೆ.

ಏನು, ಬಿಚ್ಚಿ ಸರಿಮಾಡ್ತೀಯಾ? ಆಗಲ್ಲ ಅಕ್ಕಾ, ಕಂಪನಿಯವರು ಕೋಡಿಗೆ ಬೀಗ ಹಾಕಿದಾರೆ. ಹೌದು, ನೀನು ಬರೆದದ್ದಕ್ಕೇ! ನಗಬೇಡ... ಹಾಗೆ ನಗಬೇಡ.

ಹಳೇ ಜಗಳ ತೆಗೀಬೇಡ ಈಗ. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ಕೋಡು ಎಲ್ಲರಿಗೂ ಓಪನ್ ಇದ್ರೆ ಹತ್ತು ಜನ ನೋಡ್ತಾರೆ, ತಪ್ಪು ಬೇಗ ಸಿಗುತ್ತೆ, ಕೆಲಸ ಚೆನ್ನಾಗಾಗುತ್ತೆ. ಯಾರು ಬೇಕಾದ್ರೂ ತಗೊಂಡು ಹೋಗ್ಲಿ, ಏನಾದ್ರೂ ಮಾಡ್ಕೊಳ್ಲಿ! ನೀನು ಬಿಟ್ಟರೆ ತಾನೇ! ‘ಕೆಲಸ ಚೆನ್ನಾಗಾಗೋದು ಆಮೇಲೆ ತಮ್ಮಾ, ಮೊದಲು ಸ್ವಾತಂತ್ರ್ಯ. ತಗೊಂಡವನು ಮುಂದಿನವನಿಗೂ ತೆರೆದೇ ಕೊಡಬೇಕು’ ಅಂದೆ. ಲೈಸೆನ್ಸಲ್ಲಿ ಆ ಷರತ್ತು ಇರಲೇಬೇಕು ಅಂತ ಪಟ್ಟು ಹಿಡಿದೆ. ಅದಿದ್ರೆ ಯಾವ ಕಂಪನಿ ಮುಟ್ಟುತ್ತೆ ಹೇಳು? ನಮ್ಮ ಪ್ರೋಗ್ರಾಂ ನಿನ್ನ ಎರಡು ಕಿವಿಯಲ್ಲೇ ಕೊಳೀತಾ ಇರ್ತಿತ್ತು!

ಹಾಂ? ಷರತ್ತು ಎಲ್ಲಿ ಹೋಯ್ತು ಅಂದ್ರೆ... ಹೋಯ್ತು. ಕಂಪನಿಯವರು ಕೇಳಿದ್ರು, ತೆಗೆ... ಅಲ್ಲ, ನಾನೊಬ್ಬನೇ ತೆಗೆಯೋಕಾಗುತ್ತಾ? ಬರೆದವರೆಲ್ಲ ಒಪ್ಪಬೇಕು, ಹಾಗೆ ಇದೆಯಲ್ಲ ನಿಯಮ. ಒಪ್ಪಿದ್ರು. ಎಲ್ಲರೂ ಒಪ್ಪಿದ್ರು.

ಯಾಕೆ ಎರಡು ಬೆರಳು ತೋರಿಸ್ತೀಯಾ?

ಇಬ್ಬರೇ. ಹೌದು, ಬರೆದವರು ನಾವಿಬ್ಬರೇ. ಅದಕ್ಕೇನೀಗ? ನಿನ್ನ ಪಾಸ್‌ವರ್ಡು ನನಗೂ ಗೊತ್ತಿತ್ತು ಅಂದ ಮಾತ್ರಕ್ಕೆ ನಿನ್ನ ಹೆಸರಲ್ಲಿ ನಾನೇ ಒಪ್ಪಿಗೆ ಕೊಟ್ಟೆ ಅಂತಾನಾ... ಅಕ್ಕಾ, ನಾನು ಪಾಸ್‌ವರ್ಡಿನ ಮಾತೇ ಎತ್ತಿಲ್ಲ! ಬಾಗಿಲಿಗೆ ಯಾಕೆ ಅಡ್ಡ ನಿಂತೆ? ದಾರಿ ಬಿಡು. ಬೈಯಿ, ಹೊಡಿ, ಏನಾದ್ರೂ ಅನ್ನು. ಹೀಗೆ ಅಡ್ಡ ನಿಂತ್ರೆ ನಾನೆಲ್ಲಿಗೆ ಹೋಗ್ಲಿ?

ತಡಿ... ಮಗಳು ಕರೀತಿದಾಳೆ. ನಿನ್ನನ್ನೇ. ನಿನ್ನ ಬೆನ್ನ ಹಿಂದೇನೇ, ಆ ಕೋಣೆಯಿಂದ. ತಿರುಗು ಅಕ್ಕಾ, ಅಳ್ತಾ ಕರೀತಿದಾಳೆ... ತಪ್ಪಿಸ್ಕೊಳ್ಳೋಕೆ ಹೇಳ್ತಿಲ್ಲ! ಅಕ್ಕಾ, ನಿಜವಾಗ್ಲೂ ಕರೀತಿದಾಳೆ... ಇದೊಂದನ್ನಾದ್ರೂ ನಂಬು.